ಕಾಲಿಗೊಂದು ಉಡ

ಸುಬ್ಬು: ಹಿಂದೆ ಕೋಟೆ ಹತ್ತೋಕೆ ಉಡದ ಸೊಂಟಕ್ಕೆ ಹಗ್ಗ ಕಟ್ತಿದ್ರಂತೆ. ನೀವು ಹಗ್ಗ ಹತ್ತೋಕೆ ಕಾಲಿಗೇ ಉಡ ಕಟ್ಕೊಳ್ತಿದ್ದೀರಾ?

ವೀಣಾ: ಹಗ್ಗ ಹತ್ತೋಕೆ ಕಾಲಿಗೆ ಕಟ್ಕೊಳ್ಳೋ ಹಿಡಿ ಮಾಡ್ತಿದ್ದೀವಿ, ಉಡ ಅಂತಲೇ ಇಟ್ಕೊ. ಕಾಲೆತ್ತಿದ್ರೆ ಹಗ್ಗದ ಮೇಲೆ ಜಾರ್ಬೇಕು, ತುಳಿದ್ರೆ ಕಚ್ಬೇಕು.

ನಾಗೇಶ: 11 ಮಿಮೀ ಹಗ್ಗಕ್ಕೆ 6 ಮಿಮೀ ದಾರದಲ್ಲಿ ಮೂರು ಸುತ್ತಿನ ಪ್ರುಸಿಕ್ ಗಂಟು ಹಾಕಿದ್ರೂ ಕಚ್ಚುತ್ತಲ್ಲ?

ವೀಣಾ: ಹೆಜ್ಜೆಹೆಜ್ಜೆಗೂ ಬಗ್ಗಿ ಗಂಟು ಸಡಿಲಿಸೋರು ಯಾರು? ಅದಕ್ಕೇ 1958ರಲ್ಲಿ ಸ್ವಿಟ್ಜರ್ಲೆಂಡಿನ ಯೂಸಿ, ಮಾರ್ಟಿ ಸೇರಿ ಹಗ್ಗ ಕಚ್ಚೋ ಕೈಹಿಡಿ ಮಾಡಿದ್ರು. ಇಬ್ಬರ ಹೆಸರಿನ ತುಂಡು ಸೇರಿಸಿ ಜುಮಾರ್.

ಸುಬ್ಬು: ಹಾಗಾದ್ರೆ ವೀಣಾ, ನಾಗೇಶ ಸೇರಿದ್ರೆ... ವಿನಾಶ!

ನಾಗೇಶ: ಬಾಯ್ಮುಚ್ಚೋ. ಹಗ್ಗ ಒತ್ತಿ ಹಿಡಿಯೋ ತಿರುಗು ತುಂಡು, ಅಂದ್ರೆ ಕ್ಯಾಮ್, ದುಂಡಗೆ ಕಡೆದು, ತೂತು ಒಂಚೂರು ಪಕ್ಕಕ್ಕೆ ಕೊರೆದ್ರೆ ಸಾಕಲ್ವಾ?

ವೀಣಾ: ಸಾಲ್ದು. ಹಗ್ಗ ತೆಳುವಾದಂಗೆಲ್ಲ ಕೋನ ಬದಲಾಗುತ್ತೆ. ಪಿವಟ್‌ನಿಂದ ಅಂದ್ರೆ ಕ್ಯಾಮ್ ತಿರುಗೋ ತೂತಿನಿಂದ, ಹಗ್ಗ ಮುಟ್ಟೋ ಜಾಗಕ್ಕೊಂದು ಗೆರೆ, ಹಗ್ಗಕ್ಕೆ ಲಂಬವಾಗಿ ಇನ್ನೊಂದು. ಎರಡರ ನಡುವೆ ಯಾವಾಗಲೂ 14 ಡಿಗ್ರಿ ಇರ್ಬೇಕು. ಹತ್ತತ್ತು ಡಿಗ್ರಿಗೊಂದು ಚುಕ್ಕಿ ಇಡು: ಪಿವಟ್‌ನಿಂದ 25, 26.1, 27.3, 28.5 ಮಿಮೀ. ಚುಕ್ಕಿ ಸೇರಿಸಿ ಅರದಲ್ಲಿ ಉಜ್ಜು.

ಸುಬ್ಬು: ರಂಗೋಲಿ! 5 ಡಿಗ್ರಿ ಇಟ್ರೆ ಇನ್ನೂ ಬಿಗಿಯಾಗಿ ಹಿಡಿಯಲ್ವಾ?

ವೀಣಾ: ಹಿಡಿಯುತ್ತೆ, ಬಿಡೋದಿಲ್ಲ. 70 ಕೆಜಿ ಆಳು ತುಳಿದ್ರೆ 14 ಡಿಗ್ರಿಯಲ್ಲಿ ಹಗ್ಗ ಹಿಂಡೋ ಬಲ ಹೆಚ್ಚೆಂದ್ರೆ 280 ಕೆಜಿಯಷ್ಟು. 5ರಲ್ಲಿ 800! ತಗಡಿನ ಬಾಯಿ ಅಗಲಿಸಿ ಕ್ಯಾಮ್ ಮಗುಚಿಕೊಳ್ಳುತ್ತೆ. 20 ಇಟ್ರೋ, ಒದ್ದೆ ಹಗ್ಗ ಜಾರುಬಂಡಿ. 14ಕ್ಕೂ ನುಣುಪು ಲೋಹವನ್ನ ನೆಚ್ಚೋಕಾಗಲ್ಲ, ಹಲ್ಲು ಬೇಕೇ ಬೇಕು.

ನಾಗೇಶ: ಹಲ್ಲಿನ ಮೊನೆ ಕೆಳಕ್ಕೆ ಓರೆ, ತುದಿ ಒಂಚೂರು ಮೊಂಡು. ಸೂಜಿ ಥರ ಮಾಡಿದ್ರೆ ಹಗ್ಗದ ಮೇಲ್ಹೊದಿಕೆ ಎಳೆಎಳೆಯಾಗಿ ಎದ್ದು ಬರುತ್ತೆ. ನಡುವೆ ಉದ್ದಕ್ಕೊಂದು ಸೀಳು ಬಿಟ್ರೆ ಕೆಸರು ಆಚೆ ಹೋಗುತ್ತೆ. ಕವಚಕ್ಕೆ 3 ಮಿಮೀ ಸ್ಟೇನ್‌ಲೆಸ್ ತಗಡು, ಪಿವಟ್‌ಗೆ 8 ಮಿಮೀ ಬೋಲ್ಟು, ಸಡಿಲಾಗದ ನೈಲಾಕ್ ನಟ್ಟು. ಸ್ಪ್ರಿಂಗ್ ಗಟ್ಟಿಯಾಗಿರ್ಲಿ?

ವೀಣಾ: ಬೇಡವೇ ಬೇಡ! ಸ್ಪ್ರಿಂಗ್ ಕ್ಯಾಮನ್ನ ಹಗ್ಗಕ್ಕೆ ಮುಟ್ಟಿಸಿದ್ರೆ ಸಾಕು, ಹಿಂಡೋ ಕೆಲಸ ಮೈತೂಕದ್ದು. ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ಕಾಲೆತ್ತಿದಾಗ ಹಗ್ಗವೂ ಜೊತೆಗೇ ಎದ್ದು ಬರುತ್ತೆ. ಮೊದಲ ಮೂರ್ನಾಲ್ಕು ಹೆಜ್ಜೆಯಲ್ಲಂತೂ ಕೆಳಗೆ ನೇತಾಡೋ ಹಗ್ಗಕ್ಕೆ ತೂಕವೇ ಇರಲ್ಲ. ತುದಿಗೊಂದು ಎರಡು ಲೀಟರ್ ನೀರಿನ ಬಾಟಲಿ ಕಟ್ಟು.

ಸುಬ್ಬು: ಕಾಲಿಗೆ ಕಟ್ಟೋದು ಹೆಂಗೆ, ಗೆಜ್ಜೆ ಥರಾನಾ?

ವೀಣಾ: ಗೆಜ್ಜೆ ಥರ ಕಟ್ಟಿದ್ರೆ ತುಳಿದಾಗ ಮೊಣಕಾಲಿಗೇ ಬಂದು ಕೂತ್ಕೊಳ್ಳುತ್ತೆ. ಭಾರ ಹೊರೋದು ಅಂಗಾಲಿನ ಕೆಳಗಿನ 25 ಮಿಮೀ ಪಟ್ಟಿ, ಹಿಮ್ಮಡಿಗೆ ಒತ್ತಿದ ಹಾಗಿರ್ಲಿ. ಕಣಕಾಲಿನ ಪಟ್ಟಿ ಸಾಧನ ವಾಲದ ಹಾಗೆ ನೋಡ್ಕೊಳ್ಳುತ್ತೆ, ಅಷ್ಟೆ. ಸಾಧನ ಪಾದದ ಒಳಮಗ್ಗುಲಿಗಿರ್ಲಿ.

ನಾಗೇಶ: ಬಕಲ್ ಹೊರಮಗ್ಗುಲಿಗೆ. ಇಲ್ಲಾಂದ್ರೆ ಇನ್ನೊಂದು ಬೂಟು ತಾಗಿ ಬಿಚ್ಕೊಳ್ಳುತ್ತೆ.

ಸುಬ್ಬು: ಮೇಲೆ ಹೋದ್ಮೇಲೆ ಹಗ್ಗ ಬಿಡಿಸೋದು?

ವೀಣಾ: ಕಾಲನ್ನ ಹಿಂದಕ್ಕೆ ಝಾಡಿಸು, ಹಗ್ಗ ಕಳಚುತ್ತೆ. ಹತ್ತೋವಾಗ ಹಾಗೆ ಒದ್ರೂ ಕಳಚುತ್ತೆ, ಅದೇ ರಗಳೆ. ಅದಕ್ಕೇ ಇದು ತುಳಿಯೋಕೆ ಮಾತ್ರ. ಜೀವ ನೇತುಹಾಕೋಕೆ ಎದೆಯ ಹತ್ತಿರ ಒಂದು ಹಿಡಿ, ಕೈಯಲ್ಲಿ ಇನ್ನೊಂದು, ಎರಡೂ ಪರೀಕ್ಷೆಯಾಗಿ ಮುದ್ರೆ ಬಿದ್ದ ಅಂಗಡಿ ಮಾಲು, ಸೊಂಟದ ಪಟ್ಟಿಗೆ ಬಿಗಿದಿರ್ಬೇಕು. ಮೊದಲ ಪರೀಕ್ಷೆ ನೆಲದಿಂದ ಒಂದಡಿ ಮೇಲೆ, ಒಣ ಹಗ್ಗ. ಆಮೇಲೆ ಒದ್ದೆ, ಆಮೇಲೆ ಕೆಸರು.

ಸುಬ್ಬು: ಪರೀಕ್ಷೆಗೆ 70 ಕೆಜಿ ಆಳು ಎಲ್ಲಿ?

ನಾಗೇಶ: ನೀನೇ ಇದ್ದೀಯಲ್ಲ. 84 ಆದ್ರೂ ಪರವಾಗಿಲ್ಲ, ಕೋನ ಅದೇ.