ಭುಜಕ್ಕೆ ಒದೆಯುವ ಕೋವಿ: ಸಹಿಸಿಕೊಳ್ಳಬೇಕಾ, ಸರಿ ಮಾಡಬಹುದಾ?

ಕೇಳಿದವರು: ಕಾಸರಗೋಡಿನ ದೇಲಂಪಾಡಿ ಕಡೆಯ ಅಡಿಕೆ ಕೃಷಿಕೆ

ಅಪ್ಪನಿಗೆ 70 ದಾಟಿದ ಮೇಲೆ ಮನೆಯ ಕೋವಿಯ ಲೈಸೆನ್ಸ್ ನನ್ನ ಹೆಸರಿಗೆ ಆಯಿತು. 12 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ) ಜೋಡುನಳಿಗೆ ಕೋವಿ, ಅಜ್ಜನ ಕಾಲದ್ದು, ಇಂಗ್ಲೆಂಡಿನಲ್ಲಿ ಮಾಡಿದ್ದು. ನಮ್ಮಲ್ಲಿ ಹಂದಿ ಕಾಟ ವಿಪರೀತ. ಬಾಳೆ, ಮರಗೆಣಸು, ಹೊಸ ಅಡಿಕೆ ಸಸಿ, ಯಾವುದನ್ನೂ ಬಿಡುವುದಿಲ್ಲ. 2022ರಿಂದ ಕೇರಳದಲ್ಲಿ ಹಂದಿ ಹೊಡೆಯಲು ಅನುಮತಿ ಕೊಡುವ ಅಧಿಕಾರ ಪಂಚಾಯತು ಅಧ್ಯಕ್ಷರಿಗೇ ಇದೆಯಲ್ವಾ, ಹೊಡೆಯುವವರ ಪಟ್ಟಿಗೆ ನಿಮ್ಮ ಹೆಸರೂ ಕೊಡಿ ಅಂತ ಹೇಳಿದ್ದಾರೆ. ಆದರೆ ಈ ಕೋವಿ ಹೊಡೆದರೆ ಭುಜ ಕಪ್ಪಾಗುತ್ತದೆ. ಕೆನ್ನೆಗೆ ಬಡಿಯುತ್ತದೆ. ನಡುಬೆರಳು ಊದಿಕೊಳ್ಳುತ್ತದೆ. ಈಗಂತೂ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿ ಹೋಗುತ್ತದೆ. ಅಭ್ಯಾಸ ಆದರೆ ಸರಿ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೌದಾ? ಅಥವಾ ಕೋವಿಯನ್ನೇ ಬದಲಿಸಬೇಕಾ? ಅನುಭವ ಇದ್ದವರು ಹೇಳಿ.

ಮುಳ್ಳೇರಿಯದ ಕೃಷಿಕರು

ಅಕ್ಕಾ, ಸಹಿಸಿಕೊಂಡು ಹೊಡೆಯುತ್ತಾ ಹೋದರೆ ಸರಿಯಾಗುತ್ತದೆ ಅನ್ನುವುದನ್ನು ದಯವಿಟ್ಟು ನಂಬಬೇಡಿ. ಪ್ರತಿ ಸಲ ನೋವಾದರೆ ಮೈ ಆ ನೋವನ್ನೇ ಕಲಿತುಕೊಳ್ಳುತ್ತದೆ. ಈಡು ಹಾರುವ ಮೊದಲೇ ಕಣ್ಣು ಮುಚ್ಚುವುದು, ಭುಜ ಮುಂದಕ್ಕೆ ನೂಕುವುದು, ಟ್ರಿಗರನ್ನು ಜಗ್ಗುವುದು, ಎಲ್ಲ ಶುರುವಾಗುತ್ತದೆ. ನಿಮಗೆ ಆಗಲೇ ಶುರುವಾಗಿದೆ. ಹಾಗೆ ಹೊಡೆದದ್ದು ಹಂದಿಯ ಹೊಟ್ಟೆಗೋ ಕಾಲಿಗೋ ತಾಗುತ್ತದೆ. ಗಾಯಗೊಂಡ ಹಂದಿ ಪಕ್ಕದ ತೋಟದಲ್ಲಿ ಅಡಗಿದರೆ ಬೆಳಗ್ಗೆ ಅಲ್ಲಿ ಹುಲ್ಲು ಕೊಯ್ಯಲು ಹೋದವರ ಗತಿ ಏನು? ಆ ಪ್ರಾಣಿ ಪಡುವ ಸಂಕಟವೂ ಸಣ್ಣದಲ್ಲ. ಹಾಗಾಗಿ ಒದೆ ಕಡಿಮೆ ಮಾಡಿಕೊಳ್ಳುವುದು ಬರೀ ನಿಮ್ಮ ಭುಜದ ವಿಷಯ ಅಲ್ಲ.

ಲೆಕ್ಕ ಹೇಳುತ್ತೇನೆ. ಚರೆ, ಅಂದರೆ ತೋಟೆಯೊಳಗಿನ ಸಣ್ಣ ಸಣ್ಣ ಗುಂಡುಗಳು, ಮುಂದಕ್ಕೆ ಹೋಗುವ ಜೋರಿಗೆ ತಕ್ಕಂತೆ ಕೋವಿ ಹಿಂದಕ್ಕೆ ಬರಲೇಬೇಕು. ಕೋವಿ ಹಗುರವಾದಷ್ಟು ಒದೆ ಜಾಸ್ತಿ. 32 ಗ್ರಾಂ ಚರೆ ಇರುವ ಸಾಮಾನ್ಯ ತೋಟೆಯನ್ನು 3.2 ಕಿಲೋ ತೂಕದ ಕೋವಿಯಲ್ಲಿ ಹೊಡೆದರೆ ಒದೆಯ ಶಕ್ತಿ ಸುಮಾರು 29 ಜೂಲ್. ಅದೇ ತೋಟೆ 2.7 ಕಿಲೋ ಕೋವಿಯಲ್ಲಿ ಸುಮಾರು 34 ಜೂಲ್. ತೋಟೆ ಬದಲಾಗಲಿಲ್ಲ, ಹೊಡೆದವರೂ ಬದಲಾಗಲಿಲ್ಲ. ಅರ್ಧ ಕಿಲೋ ಮರ, ಕಬ್ಬಿಣ ಕಡಿಮೆಯಾಯಿತು, ಅಷ್ಟೇ.

ಬರ್ಮಿಂಗ್‌ಹ್ಯಾಮಿನ ಹೆಸರುವಾಸಿ ಕೋವಿ ತಯಾರಕ ಡಬ್ಲ್ಯೂ. ಡಬ್ಲ್ಯೂ. ಗ್ರೀನರ್ 19ನೇ ಶತಮಾನದಲ್ಲೇ ಇದಕ್ಕೆ ಒಂದು ಲೆಕ್ಕ ಕೊಟ್ಟಿದ್ದರು. ಒಳಗೆ ಹಾಕುವ ಚರೆಯ ತೂಕದ 96 ಪಟ್ಟು ಕೋವಿಯ ತೂಕ ಇರಬೇಕು ಅಂತ. 28 ಗ್ರಾಂ ತೋಟೆಗೆ 2.7 ಕಿಲೋ ಸಾಕು. 32 ಗ್ರಾಂಗೆ 3 ಕಿಲೋ ದಾಟಬೇಕು. 36 ಗ್ರಾಂಗೆ ಸುಮಾರು ಮೂರೂವರೆ ಕಿಲೋ. ಇಂಗ್ಲೆಂಡಿನ ಹಳೆ ಜೋಡುನಳಿಗೆ ಕೋವಿಗಳು ಹಕ್ಕಿ ಹೊಡೆಯಲು ಇಡೀ ದಿನ ಹೊತ್ತು ತಿರುಗುವವರಿಗಾಗಿ ಮಾಡಿದವು. ಬಹಳಷ್ಟು 3 ಕಿಲೋದ ಒಳಗೇ ಇರುತ್ತವೆ. ಅದಕ್ಕೆ ಹಂದಿಯ ಭಾರೀ ತೋಟೆ ಹಾಕಿದರೆ ಒದೆಯದೆ ಇನ್ನೇನು ಮಾಡುತ್ತದೆ? ಮೊದಲು ಕೋವಿಯನ್ನು ತೂಗಿ. ಅಡಿಕೆ ತೂಗುವ ತಕ್ಕಡಿಯೇ ಸಾಕು.

ಇನ್ನೊಂದು ಕಡೆ ನೋಡಿ. ಒಲಿಂಪಿಕ್ಸ್‌ನಲ್ಲಿ ಟ್ರ್ಯಾಪ್, ಸ್ಕೀಟ್ (ಹಾರುವ ಮಣ್ಣಿನ ತಟ್ಟೆಗೆ ಗುರಿ ಇಡುವ ಸ್ಪರ್ಧೆಗಳು) ಹೊಡೆಯುವ ಹೆಣ್ಣುಮಕ್ಕಳೂ 12 ಬೋರನ್ನೇ ಹಿಡಿಯುತ್ತಾರೆ. ತರಬೇತಿಯಲ್ಲಿ ದಿನಕ್ಕೆ ನೂರಾರು ಈಡು ಹೊಡೆಯುತ್ತಾರೆ. ಅವರ ತೋಟೆಯಲ್ಲಿ ಚರೆ 24 ಗ್ರಾಂ ಮಾತ್ರ, ಕೋವಿ ಮೂರೂವರೆ ಕಿಲೋ ಆಸುಪಾಸು. ಹಗುರ ಕೋವಿ, ಭಾರದ ತೋಟೆಯ ಒದೆಗೆ ಹೋಲಿಸಿದರೆ ಅದು ಹೆಚ್ಚುಕಡಿಮೆ ಅರ್ಧ. 12 ಬೋರ್ ಹೆಂಗಸರಿಗೆ ಆಗುವುದಲ್ಲ ಅಂತ ಯಾರಾದರೂ ಹೇಳಿದರೆ ಇದನ್ನು ಹೇಳಿ.

ಆಮೇಲೆ ಅಳತೆ. ನಿಮ್ಮ ಮೂರು ನೋವಿಗೂ ಬೇರೆ ಬೇರೆ ಕಾರಣ ಇರಬಹುದು. ಅಜ್ಜ ಎತ್ತರದ ಆಳಾಗಿದ್ದರೆ ಕೋವಿಯ ಹಿಂಬದಿಯ ಮರ ನಿಮಗೆ ಉದ್ದ. ಎತ್ತುವಾಗ ಕಂಕುಳಿಗೆ ತಡೆದು, ಕೊನೆಗೆ ತೋಳಿನ ಮಾಂಸದ ಮೇಲೆ ಕೂರುತ್ತದೆ. ಅಲ್ಲಿ ಹೊಡೆದರೆ ಕಪ್ಪಾಗಲೇಬೇಕು. ಅದು ಕೂರಬೇಕಾದ್ದು ಕತ್ತಿನ ಎಲುಬಿಗೂ ತೋಳಿಗೂ ನಡುವೆ ಇರುವ ತಗ್ಗಿನಲ್ಲಿ. ಕೆನ್ನೆಗೆ ಬಡಿಯುವುದು ಮರ ಹಿಂದಕ್ಕೆ ಹೋದಂತೆ ಜಾಸ್ತಿ ಇಳಿಜಾರು ಇದ್ದರೆ. ಆಗ ನಳಿಗೆ ಮೇಲಕ್ಕೆ ಹಾರುತ್ತದೆ, ಮರ ಕೆನ್ನೆಗೆ ತಾಗುತ್ತದೆ. ಕೆನ್ನೆಯನ್ನು ಸಡಿಲವಾಗಿ ಇಡುವವರಿಗೆ ಪೆಟ್ಟು ಇನ್ನೂ ಜೋರು. ಗಟ್ಟಿಯಾಗಿ ಒತ್ತಿಕೊಂಡೇ ಹೊಡೆಯಬೇಕು. ನಡುಬೆರಳಿಗೆ ಪೆಟ್ಟು ಕೊಡುವುದು ಟ್ರಿಗರಿನ ಸುತ್ತ ಇರುವ ಕಬ್ಬಿಣದ ಬಳೆಯ ಹಿಂಭಾಗ. ಬಲಗೈಯನ್ನು ಸ್ವಲ್ಪ ಹಿಂದಕ್ಕೆ ತಂದು ಬಿಗಿಯಾಗಿ ಹಿಡಿದರೆ ಅದು ಬಹುಪಾಲು ನಿಲ್ಲುತ್ತದೆ.

ಹೆಂಗಸರಿಗೆ ಇನ್ನೊಂದು ತೊಂದರೆ ಉಂಟು. ಮರದ ಕೆಳಗಿನ ಮೂಲೆ ಎದೆಗೆ ಚುಚ್ಚುತ್ತದೆ. ಆ ಮೂಲೆಯನ್ನು ಸ್ವಲ್ಪ ಓರೆಯಾಗಿ ಕೊಯ್ದು ದುಂಡು ಮಾಡಿಸಬಹುದು. ಉದ್ದವನ್ನೂ ಅಷ್ಟೇ, ಕೊಯ್ದು ರಬ್ಬರ್ ಪ್ಯಾಡ್ ಕೂರಿಸಬಹುದು. ಆದರೆ ಲೈಸೆನ್ಸ್ ಇರುವ ರಿಪೇರಿಯವರಿಂದಲೇ ಮಾಡಿಸಿ. ಮತ್ತೆ, ಭಾರ ಇಳಿಸಲು ನಳಿಗೆ ಕೊಯ್ಯಿಸಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅನುಮತಿ ಇಲ್ಲದೆ ನಳಿಗೆ ಗಿಡ್ಡ ಮಾಡುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ. ಅದೂ ಅಲ್ಲದೆ ಹಗುರವಾದರೆ ಒದೆ ಏರುತ್ತದೆ, ಸದ್ದೂ ಏರುತ್ತದೆ.

ಪೆರ್ಲದ ನಿವೃತ್ತ ಸೈನಿಕರು

ಮೇಲಿನವರು ಹೇಳಿದ್ದು ಸರಿ ಉಂಟು. ನಾನು ಹಿಡಿಯುವ ಕ್ರಮದ ಬಗ್ಗೆ ಹೇಳುತ್ತೇನೆ. ಎನ್‌ಸಿಸಿಯಲ್ಲಿ .22, ಆಮೇಲೆ .303, ಸೈನ್ಯದಲ್ಲಿ 7.62ರ ಎಸ್‌ಎಲ್‌ಆರ್, ಕೊನೆಗೆ ಇನ್ಸಾಸ್, ಇಷ್ಟೂ ರೈಫಲ್ ಹೊಡೆದಿದ್ದೇನೆ.

.303 ಅಂದರೆ ಹೊಸ ಹುಡುಗರು ನಡುಗುತ್ತಿದ್ದರು. ಲೆಕ್ಕಕ್ಕೆ ನೋಡಿದರೆ ಅದರ ಒದೆ ನಿಮ್ಮ 12 ಬೋರಿನ ಅರ್ಧದಷ್ಟೇ. ಗುಂಡು 174 ಗ್ರೇನ್, ಅಂದರೆ 11 ಗ್ರಾಂ ಚಿಲ್ಲರೆ. ರೈಫಲ್ 4 ಕಿಲೋ ಹತ್ತಿರ. ಆದರೂ ಯಾಕೆ ಅಷ್ಟು ನೋವು? ಒಂದು, ಹಿಂಬದಿಗೆ ಹಿತ್ತಾಳೆಯ ತಗಡು. ಎರಡು, ಮಲಗಿ ಹೊಡೆಯುವುದು. ನಿಂತಾಗ ಮೈ ಹಿಂದಕ್ಕೆ ವಾಲಿ ಒದೆಯನ್ನು ನುಂಗುತ್ತದೆ. ಮಲಗಿದಾಗ ವಾಲಲು ಜಾಗ ಇಲ್ಲ, ಎಲ್ಲ ಭುಜಕ್ಕೇ. ಇದೇ ಕಾರಣಕ್ಕೆ ನಿಮಗೊಂದು ಮಾತು. ಅಟ್ಟಣಿಗೆಯಲ್ಲಿ ಕೂತು ಕಾಯುವಾಗ ಬೆನ್ನನ್ನು ಮರಕ್ಕೆ ಒತ್ತಿಕೊಂಡು ಹೊಡೆಯಬೇಡಿ. ಕೋವಿಯ ಹಿಂಬದಿಯನ್ನು ಮರಕ್ಕೋ ಗೋಡೆಗೋ ತಾಗಿಸಿಯಂತೂ ಬೇಡವೇ ಬೇಡ.

ಅದೇ .303ರ ಗಿಡ್ಡ ರೂಪ ಒಂದು ಬಂದಿತ್ತು, 1944ರಲ್ಲಿ, ಜಂಗಲ್ ಕಾರ್ಬೈನ್ ಅಂತ. ಕಾಡಿನ ಯುದ್ಧಕ್ಕೆ ಅಂತ ತೂಕವನ್ನು 3.2 ಕಿಲೋಗೆ ಇಳಿಸಿದರು. ಒದೆ ತಡೆಯಲು ರಬ್ಬರ್ ಪ್ಯಾಡ್ ಕೊಟ್ಟರು. ಆ ಪ್ಯಾಡ್ ಮರಕ್ಕಿಂತ ಕಿರಿದು. ಇಡೀ ಒದೆ ಸಣ್ಣ ಜಾಗಕ್ಕೆ ಬಂದು ಪ್ಯಾಡ್ ಇಲ್ಲದ ರೈಫಲ್‌ಗಿಂತ ಜಾಸ್ತಿ ನೋವಾಗುತ್ತಿತ್ತು. ಹಾಗಾಗಿ ರಬ್ಬರ್ ಅಂದ ಕೂಡಲೇ ತೆಗೆದುಕೊಳ್ಳಬೇಡಿ. ಅಗಲವಾಗಿರಬೇಕು, ಬೆರಳಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು. ವರ್ಷಗಟ್ಟಲೆ ಅಂಗಡಿಯಲ್ಲಿ ಕೂತು ಕಲ್ಲಾದ ಪ್ಯಾಡ್ ಪ್ರಯೋಜನ ಇಲ್ಲ. ಎಸ್‌ಎಲ್‌ಆರ್ ಹೊಡೆದಾಗ .303ರಷ್ಟು ಚುರುಕು ಪೆಟ್ಟು ಅನಿಸುವುದಿಲ್ಲ. ಅದರಲ್ಲಿ ಗ್ಯಾಸಿನಿಂದ ನಡೆಯುವ ಭಾಗಗಳು ಹಿಂದೆ ಮುಂದೆ ಓಡುವುದರಿಂದ ಒದೆ ಸ್ವಲ್ಪ ಹೊತ್ತಿಗೆ ಹಂಚಿಹೋಗುತ್ತದೆ. ಇನ್ಸಾಸ್ ಒದೆ ಲೆಕ್ಕಕ್ಕೇ ಇಲ್ಲ.

ನಿಲ್ಲುವುದು ಹೀಗೆ: ಎಡಗಾಲು ಅರ್ಧ ಹೆಜ್ಜೆ ಮುಂದೆ, ಮಂಡಿ ಚೂರು ಸಡಿಲ, ಮೈಭಾರ ಮುಂದಿನ ಕಾಲಿನ ಮೇಲೆ. ಕೋವಿಯನ್ನು ಭುಜದ ತಗ್ಗಿಗೆ ಎಳೆದುಕೊಂಡಿರಬೇಕು. ಒದೆಗೆ ಹೆದರಿ ಭುಜದಿಂದ ಬೆರಳಗಲ ದೂರ ಹಿಡಿಯುವವರನ್ನು ಬಹಳ ನೋಡಿದ್ದೇನೆ. ಆ ಸಂದಿಯಲ್ಲಿ ಕೋವಿ ಓಡಿ ಬಂದು ಬಡಿಯುತ್ತದೆ, ನೋವು ದುಪ್ಪಟ್ಟು. ಮೈಗೆ ಅಂಟಿಕೊಂಡಿದ್ದರೆ ಅದು ಹೊಡೆಯುವುದಿಲ್ಲ, ನೂಕುತ್ತದೆ.

ಕಿವಿಗೆ ಏನಾದರೂ ಹಾಕುತ್ತೀರಾ? 12 ಬೋರಿನ ಸದ್ದು 150 ಡೆಸಿಬಲ್ ದಾಟುತ್ತದೆ. 140 ದಾಟಿದರೆ ಒಂದೇ ಸದ್ದಿಗೆ ಕಿವಿ ಹಾಳಾಗಬಹುದು. ಒದೆಗೆ ಹೆದರುತ್ತೇನೆ ಅನ್ನುವವರಲ್ಲಿ ಎಷ್ಟೋ ಜನ ನಿಜವಾಗಿ ಹೆದರುವುದು ಸದ್ದಿಗೆ. ಇಯರ್‌ಪ್ಲಗ್ ಹಾಕಿ ಹೊಡೆಸಿದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಕುಂಬಳೆಯ ನರ್ಸ್

ಕೋವಿ ನನಗೆ ಗೊತ್ತಿಲ್ಲ. ಮೈ ಬಗ್ಗೆ ಹೇಳುತ್ತೇನೆ. ಕಪ್ಪಾದ ಜಾಗಕ್ಕೆ ಮೊದಲ ದಿನ ತಣ್ಣೀರಿನ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಬೇಡಿ. ಕೈ ಮೇಲೆತ್ತಲು ಆಗದಿದ್ದರೆ, ಬೆರಳು ಜೋಮು ಹಿಡಿದರೆ, ಕತ್ತಿನ ಎಲುಬು ಮುಟ್ಟಿದರೆ ನೋವಾದರೆ ಡಾಕ್ಟರಿಗೆ ತೋರಿಸಿ. ಪೂರ್ತಿ ಮಾಯುವ ತನಕ ಆ ಭುಜದಿಂದ ಹೊಡೆಯಬೇಡಿ. ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಅದು ಇರುವ ಬದಿಯ ಭುಜಕ್ಕೆ ಕೋವಿ ಇಡಬಾರದು, ವೈರ್ ಹಾಳಾಗಬಹುದು. ಇತ್ತೀಚೆಗೆ ಕಣ್ಣಿನ ಆಪರೇಷನ್ ಆದವರೂ ಡಾಕ್ಟರನ್ನು ಕೇಳದೆ ಹೊಡೆಯಬಾರದು.

ಪೈವಳಿಕೆಯ ಕೃಷಿಕರು

ಕೋವಿ ಬದಲಿಸುವ ಪ್ರಶ್ನೆಗೆ ಉತ್ತರ. 20 ಬೋರ್ ಒದೆಯುವುದಿಲ್ಲ ಅಂತ ಹೇಳುತ್ತಾರೆ. ಚರೆ ಕಡಿಮೆ, ನಿಜ. ಆದರೆ ಕೋವಿಯೂ ಹಗುರ, ಹಾಗಾಗಿ ಲಾಭ ಅಂದುಕೊಂಡಷ್ಟು ಇಲ್ಲ. .315 ರೈಫಲಿನ ಒದೆ 12 ಬೋರಿಗಿಂತ ಕಡಿಮೆ, ಆದರೆ ಅದರ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ನಮ್ಮ ಊರಲ್ಲಿ ಗುಡ್ಡೆಯ ಆಚೆ ಮನೆ, ಈಚೆ ಮನೆ. ನನಗೆ ಅದು ಸರಿ ಕಾಣುವುದಿಲ್ಲ. ಸ್ವಲ್ಪ ಭಾರದ 12 ಬೋರೇ ಇರಲಿ.

ಬೈರಾಸು (ಟವೆಲ್) ಮಡಚಿ ಭುಜಕ್ಕೆ ಹಾಕಿಕೊಳ್ಳುವ ಕ್ರಮ ನಮ್ಮಲ್ಲಿ ಉಂಟು. ಒಂದೆರಡು ಈಡಿಗೆ ಪರವಾಗಿಲ್ಲ. ಆದರೆ ಜಾರುತ್ತದೆ, ಕೋವಿ ಸಹ ಜಾರುತ್ತದೆ. ಅದಕ್ಕಿಂತ ಪ್ಯಾಡ್ ಮೇಲು.

ದೇಲಂಪಾಡಿ, ಕೇಳಿದವರೇ

ಎಲ್ಲರಿಗೂ ತುಂಬಾ ಉಪಕಾರ. ತೂಗಿ ನೋಡಿದೆ, 2.9 ಕಿಲೋ. ನಳಿಗೆ ಬಿಚ್ಚಿದಾಗ ಅಡಿಯಲ್ಲಿ 12 ಅಂತ, ಪಕ್ಕದಲ್ಲಿ 2½ ಅಂತ ಕೊರೆದದ್ದು ಕಂಡಿತು. ಅಪ್ಪ ಇಟ್ಟಿದ್ದ ತೋಟೆಯ ಪೆಟ್ಟಿಗೆಯಲ್ಲಿ 70 ಎಂ.ಎಂ., 36 ಗ್ರಾಂ ಅಂತ ಇದೆ. ತೋಟೆ ಒಳಗೆ ಸಲೀಸಾಗಿ ಕೂರುತ್ತದೆ. ಹಾಗಾದರೆ ತೊಂದರೆ ಇಲ್ಲ ಅಲ್ವಾ?

ಮುಳ್ಳೇರಿಯದ ಕೃಷಿಕರು

ಅಕ್ಕಾ, ಆ ತೋಟೆಯನ್ನು ಇನ್ನು ಒಂದೂ ಹೊಡೆಯಬೇಡಿ. ತೊಂದರೆ ಇರುವುದೇ ಅಲ್ಲಿ.

2½ ಅಂದರೆ ಎರಡೂವರೆ ಇಂಚು, 65 ಎಂ.ಎಂ. ಚೇಂಬರ್, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗ. ಪೆಟ್ಟಿಗೆಯ ಮೇಲೆ ಬರೆಯುವ 70 ಅನ್ನುವುದು ತೋಟೆ ಹಾರಿದ ಮೇಲಿನ ಉದ್ದ. ಹೊಡೆಯುವ ಮೊದಲು ಅದರ ಬಾಯಿ ಮಡಚಿರುತ್ತದೆ, ಹಾಗಾಗಿ 65ರ ಚೇಂಬರಿಗೂ ಸಲೀಸಾಗಿ ಕೂರುತ್ತದೆ. ಹೊಡೆದಾಗ ಆ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲುವುದಿಲ್ಲ. ಚೇಂಬರ್ ಕಿರಿದಾಗುವ ಕಡೆ ಅದು ಸಿಕ್ಕಿಕೊಂಡು ಚರೆಯ ದಾರಿ ಇಕ್ಕಟ್ಟಾಗುತ್ತದೆ, ಒಳಗಿನ ಒತ್ತಡ ಏರುತ್ತದೆ. ಒದೆಯೂ ಏರುತ್ತದೆ. ಹಳೆ ನಳಿಗೆ ಬಿರಿದರೆ ಎಡಗೈಯೇ ಹೋಗಬಹುದು. ಮೇಲಿಂದ 36 ಗ್ರಾಂ. ಗ್ರೀನರ್ ಲೆಕ್ಕಕ್ಕೆ ನಿಮ್ಮ 2.9 ಕಿಲೋ ಕೋವಿಗೆ 30 ಗ್ರಾಂ ಮಿತಿ.

ಹಾಗಾಗಿ ಈ ಕೋವಿಗೆ ಬೇಕಾದ್ದು 65 ಎಂ.ಎಂ. ತೋಟೆ, 28 ಅಥವಾ 30 ಗ್ರಾಂದು. ಕೇಳಿ ತರಿಸಿಕೊಳ್ಳಬೇಕಾಗುತ್ತದೆ. ಅದಕ್ಕೂ ಮೊದಲು ಕೋವಿಯನ್ನು ಬಲ್ಲವರಿಗೆ ತೋರಿಸಿ. ನಳಿಗೆಯ ಮೇಲೆ ಅಲೆ ಅಲೆಯಾದ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ, ಪಟ್ಟಿ ಸುತ್ತಿ ಬೆಸೆದದ್ದು. ಅಂಥದ್ದಾದರೆ ಈಗಿನ ತೋಟೆ ಹಾಕಲೇಬಾರದು. ಒಳಗೆ ತುಕ್ಕಿನ ಗುಳಿ ಉಂಟಾ, ಮುಚ್ಚಿದಾಗ ಅಲುಗಾಡುತ್ತದಾ, ಎಲ್ಲ ನೋಡಿಸಿ. ನಮ್ಮ ಮಳೆಗಾಲದಲ್ಲಿ ಎಣ್ಣೆ ಕಾಣದ ನಳಿಗೆ ಒಂದೇ ವರ್ಷದಲ್ಲಿ ಹಾಳಾಗುತ್ತದೆ. ಪೆಟ್ಟಿಗೆಯ ತೋಟೆ ಊದಿದ್ದರೆ, ಹಸಿರು ಹಿಡಿದಿದ್ದರೆ ನೀವೇ ಬಿಚ್ಚಲು ಹೋಗಬೇಡಿ. ಅಂಗಡಿಯವರನ್ನೋ ಠಾಣೆಯವರನ್ನೋ ಕೇಳಿ ಒಪ್ಪಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಹಂದಿಗೆ ಈ ಕೋವಿ ಬೇಡ. ಇದು ಹಕ್ಕಿ ಕೋವಿ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರವೂ ಒಬ್ಬರ ಹೆಸರಲ್ಲಿ ಎರಡು ಕೋವಿ ಇಟ್ಟುಕೊಳ್ಳಬಹುದು. ಅಜ್ಜನದ್ದು ಹಾಗೇ ಇರಲಿ. 70ರ ಚೇಂಬರಿನ, ಮೂರು ಕಿಲೋ ದಾಟಿದ ಇನ್ನೊಂದಕ್ಕೆ ಅರ್ಜಿ ಕೊಡಿ.

ಬದಿಯಡ್ಕದ ಶೂಟಿಂಗ್ ಅಭ್ಯಾಸಿ

ಕಣ್ಣು ಮುಚ್ಚುವ ಅಭ್ಯಾಸ ಬಿಡಿಸಲು ನನಗೆ ಉಪಯೋಗ ಆದದ್ದು ಡಮ್ಮಿ ತೋಟೆ. ಮದ್ದು ಇಲ್ಲದ್ದು, ಅಂಗಡಿಯಲ್ಲಿ ಸಿಗುತ್ತದೆ. ರೇಂಜ್‌ನಲ್ಲಿ ಜೊತೆಗಿರುವವರು ನಿಮಗೆ ಕಾಣದಂತೆ ಕೆಲವೊಮ್ಮೆ ಡಮ್ಮಿ, ಕೆಲವೊಮ್ಮೆ 24 ಗ್ರಾಂನ ಹಗುರ ತೋಟೆ ತುಂಬಿಸಿ ಕೊಡಲಿ. ಡಮ್ಮಿ ಇದ್ದಾಗ ನಳಿಗೆಯ ತುದಿ ಕೆಳಗೆ ಕುಸಿದರೆ ನಿಮಗೇ ಗೊತ್ತಾಗುತ್ತದೆ. ಕುಸಿಯುವುದು ನಿಂತ ಮೇಲೆ ಭಾರದ ತೋಟೆಗೆ ಹೋಗಿ. ಆ ದಿನವೂ ಸ್ವಲ್ಪವೇ ಹೊಡೆದು ನಿಲ್ಲಿಸಿ, ನೋವು ಶುರುವಾಗುವ ಮೊದಲೇ. ಎರಡು ಟ್ರಿಗರ್ ಇರುವ ಕೋವಿಯಲ್ಲಿ ಶುರುವಿಗೆ ಒಂದೇ ತೋಟೆ ತುಂಬಿಸಿ. ಒದೆಗೆ ಬೆರಳು ಜಾರಿ ಎರಡನೆಯದ್ದೂ ಹಾರಿದ್ದನ್ನು ನೋಡಿದ್ದೇನೆ. ಆ ಒದೆ ತಿಂದವರು ಮತ್ತೆ ಕೋವಿ ಮುಟ್ಟುವುದು ಕಷ್ಟ.

ಕೋವಿ ತೋರಿಸಲು ನಮ್ಮವರು ಸಾಮಾನ್ಯವಾಗಿ ಮಂಗಳೂರಿಗೆ ಹೋಗುತ್ತಾರೆ. ಹೊರಡುವ ಮೊದಲು ಲೈಸೆನ್ಸ್ ಪುಸ್ತಕದಲ್ಲಿ ಎಲ್ಲಿಯವರೆಗೆ ಊರ್ಜಿತ ಅಂತ ಬರೆದದ್ದನ್ನು ನೋಡಿ. ಕೇರಳಕ್ಕೆ ಮಾತ್ರ ಅಂತ ಇದ್ದರೆ ಗಡಿಯ ತಲಪಾಡಿ ದಾಟುವಂತಿಲ್ಲ. ಆಗ ಕೇರಳದ ಒಳಗೇ ಲೈಸೆನ್ಸ್ ಇರುವ ಅಂಗಡಿ ಹುಡುಕಿ. ಕೋವಿ ಖಾಲಿ ಇರಲಿ, ಬಿಚ್ಚಿ ಚೀಲಕ್ಕೆ ಹಾಕಿ, ತೋಟೆ ಬೇರೆ ಕಡೆ ಇಡಿ.