ಅಚ್ಚಿನ ತಪ್ಪೋ, ಆಮೇಲೆ ಬಿದ್ದ ಪೆಟ್ಟೋ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ತಿರ 1835ರ ಈಸ್ಟ್ ಇಂಡಿಯಾ ಕಂಪನಿ ಕಾಲಾಣೆ ಇದೆ. ಇಸವಿಯ 8ರಿಂದ ಅಂಚಿನವರೆಗೆ ಸಣ್ಣದೊಂದು ಗೆರೆ ಹೋಗಿದೆ. ಮನೆಯಲ್ಲಿ ಗೀರು ಅಂತಾರೆ, ನನಗೆ ಎರರ್ ಕಾಯಿನ್ (ಟಂಕಸಾಲೆಯಲ್ಲೇ ತಪ್ಪಾಗಿ ಒತ್ತಿದ ನಾಣ್ಯ) ಅನ್ನಿಸುತ್ತೆ. ಯೂಟ್ಯೂಬಲ್ಲಿ ಇಂಥದ್ದಕ್ಕೆ ಲಕ್ಷ ಹೇಳ್ತಿದ್ದಾರೆ.

ಉತ್ತರ: ಉಗುರಿನ ತುದಿಯನ್ನು ಗೆರೆಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಉಗುರು ಒಳಗಿಳಿದರೆ ಗೀರು, ಎಡವಿದರೆ ಅಚ್ಚಿನ ಬಿರುಕು. ಒತ್ತಿ ಒತ್ತಿ ಉಕ್ಕಿನ ಅಚ್ಚು ಸೀಳಿದಾಗ ಆ ಸೀಳಿಗೆ ತಾಮ್ರ ನುಗ್ಗುತ್ತೆ, ನಾಣ್ಯದ ಮೇಲೆ ಅದು ಉಬ್ಬುಗೆರೆ ಆಗುತ್ತೆ. ಗೀರಿನಲ್ಲೂ ಉಬ್ಬು ಇರುತ್ತೆ, ಆದರೆ ನೇಗಿಲ ಸಾಲಿನ ಹಾಗೆ ಎರಡು ಬದಿಗೆ ಲೋಹ ಎದ್ದು ನಡುವೆ ತಗ್ಗಿರುತ್ತೆ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತೆ. ನಿಮ್ಮ ಫೋಟೋದಲ್ಲಿ ಗೆರೆಯ ನೆತ್ತಿ ಸವೆದು ಹೊಳೆಯುತ್ತಿದೆ, ಅಂದರೆ ಉಬ್ಬೇ. ಎರರ್ ಹೌದು. ಆದರೆ ಲಕ್ಷ ಬಾಳಲ್ಲ. ಇಂಥ ಬಿರುಕು ಹಳೇ ತಾಮ್ರದಲ್ಲಿ ಬೇಕಾದಷ್ಟು ಸಿಗುತ್ತೆ, ಮಾಮೂಲಿ ಕಾಲಾಣೆಗಿಂತ ಒಂದಿಷ್ಟು ಹೆಚ್ಚು ಸಿಕ್ಕರೆ ಪುಣ್ಯ.

ಅದೇ ಸದಸ್ಯರು: ಒಬ್ಬರು ಕೊಳ್ತೀನಿ ಅಂದಿದ್ದಾರೆ ಸರ್. ಆದರೆ ಮೊದಲು ರಿಸರ್ವ್ ಬ್ಯಾಂಕ್ ಶುಲ್ಕ ಕಟ್ಟಬೇಕಂತೆ.

ಉತ್ತರ: ಒಂದು ರೂಪಾಯಿನೂ ಕಟ್ಟಬೇಡಿ, ನಂಬರ್ ಬ್ಲಾಕ್ ಮಾಡಿ. ಹಳೇ ನಾಣ್ಯದ ವ್ಯವಹಾರಕ್ಕೆ ತಾನು ಶುಲ್ಕವನ್ನೂ ಕೇಳಲ್ಲ, ಕಮಿಷನ್ನೂ ಕೇಳಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿದೆ.

ಪ್ರಶ್ನೆ: ಐದನೇ ಜಾರ್ಜ್ ಕಾಲಾಣೆ. ಒಂದು ಕಡೆ ರಾಜನ ತಲೆ ಸರಿಯಾಗಿದೆ. ತಿರುಗಿಸಿದರೆ ಅಲ್ಲೂ ರಾಜನೇ, ಆದರೆ ಗುಳಿ ಬಿದ್ದ ಹಾಗೆ, ಬಲಕ್ಕೆ ಮುಖ ಮಾಡಿ. ಮಾರುವವರು ‘ಲಾಖಿ’ ಅಂತಾರೆ, ರೇಟೂ ಜೋರಾಗಿದೆ. ತಗೊಳ್ಳಲೇ?

ಉತ್ತರ: ನಿಜವಾದ ಲಾಖಿಗೆ ಒಳ್ಳೆ ಬೆಲೆ ಇದೆ, ಅದಕ್ಕೇ ಕಳ್ಳಮಾಲೂ ಜಾಸ್ತಿ. ಲಾಖಿ ಹುಟ್ಟೋದು ಹೀಗೆ: ಒತ್ತಿದ ನಾಣ್ಯ ಕೆಳಗೆ ಬೀಳದೆ ಒಂದು ಅಚ್ಚಿಗೇ ಅಂಟಿ ಕೂತರೆ, ಮುಂದಿನ ಬಿಲ್ಲೆಗೆ (ಇನ್ನೂ ಒತ್ತದ ಲೋಹದ ತುಂಡಿಗೆ) ಆ ನಾಣ್ಯವೇ ಅಚ್ಚಾಗುತ್ತೆ. ಎಡಕ್ಕೆ ನೋಡುವ ಜಾರ್ಜ್ ತಗ್ಗಿನಲ್ಲಿ ಬಲಕ್ಕೆ ತಿರುಗೋದು ಹೀಗೆ. ಮುಖ್ಯವಾದ ಮಾತು ಏನಂದರೆ, ಆ ಬಿಲ್ಲೆಗೆ ಹಿಂಬದಿಯ ಅಚ್ಚು ತಾಗಿಯೇ ಇಲ್ಲ. ಹಾಗಾಗಿ ಆ ಕಡೆ ಕಾಲಾಣೆ ಅನ್ನೋ ಬರಹ, ಇಸವಿ, ಬಳ್ಳಿ ಯಾವುದರ ಸುಳಿವೂ ಇರಬಾರದು. ವರ್ಕ್‌ಶಾಪ್ ವೈಸಿನಲ್ಲಿ ಎರಡು ನಾಣ್ಯ ಇಟ್ಟು ಬಿಗಿದು ಮಾಡಿದ್ದಾದರೆ ಚಪ್ಪಟೆಯಾದ ಅಕ್ಷರಗಳು ಎಲ್ಲೋ ಒಂದು ಮೂಲೆಯಲ್ಲಿ ಉಳಿದಿರುತ್ತವೆ, ಸರಿ ಇರೋ ಕಡೆ ರಾಜನ ಕೆನ್ನೆ, ಗಡ್ಡವೂ ಒತ್ತಿಹೋಗಿರುತ್ತೆ. ಜಾಣರು ಬರಹವನ್ನು ಅರ ಹಾಕಿ ಅಳಿಸಿ ಆಮೇಲೆ ಬಿಗಿಯೋದೂ ಉಂಟು, ಆಗ ತೂಕ ಕಡಿಮೆ ಬರುತ್ತೆ. ಈ ನಾಣ್ಯ 4.86 ಗ್ರಾಂ ಇರಬೇಕು, ಸವಕಲಿಗೆ ಸ್ವಲ್ಪ ಬಿಡಿ. ತೂಗಲು ಕೊಡದವರ ಹತ್ತಿರ ವ್ಯಾಪಾರ ಬೇಡ.

ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿ ತಗೊಂಡ ಟಿಪ್ಪುವಿನ ಆನೆ ಪೈಸೆ. ಪರ್ಷಿಯನ್ ಅಂಕಿ ಬಲ್ಲ ಸ್ನೇಹಿತರು ಇಸವಿ 5121 ಅಂತ ಓದಿದರು. ಆನೆಯ ಬಾಲ ಅಂಚಿನಾಚೆ ಹೋಗಿದೆ, ಪಕ್ಕದಲ್ಲಿ ಸೀಳೂ ಇದೆ. ಮೂರು ಎರರ್ ಒಂದೇ ನಾಣ್ಯದಲ್ಲಿ!

ಉತ್ತರ: ಮೂರರಲ್ಲಿ ಒಂದೂ ಎರರ್ ಅಲ್ಲ! ಟಿಪ್ಪು ಹಿಜರಿ ಬಿಟ್ಟು ಮೌಲೂದಿ ಅನ್ನೋ ಬೇರೆ ವರ್ಷಗಣನೆ ಹಿಡಿದಾಗ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಿಮ್ಮದು 1215, ಅಂದರೆ 1787ರ ಸುಮಾರು. ಆ ಕಾಲದ ನಾಣ್ಯ ಸುತ್ತಿಗೆ ಏಟಿನದು, ಅಚ್ಚಿನ ನಡುವೆಯೇ ಬಿಲ್ಲೆ ಕೂರಬೇಕು ಅನ್ನೋ ಹಟ ಯಾರಿಗೂ ಇರಲಿಲ್ಲ. ಬಾಲ ಹೋಗೋದು, ಏಟಿಗೆ ಅಂಚು ಸೀಳೋದು ಎಲ್ಲ ಮಾಮೂಲು. ಈ ನಾಣ್ಯಗಳಲ್ಲಿ ಲೆಕ್ಕ ಉಲ್ಟಾ: ಆನೆ ಪೂರ್ತಿ ಇದ್ದು, ಇಸವಿಯೂ ಟಂಕಸಾಲೆಯ ಹೆಸರೂ ಪೂರ್ತಿ ಬಿದ್ದಿದ್ದರೆ ಅದಕ್ಕೇ ಹೆಚ್ಚು ದುಡ್ಡು.

ಪ್ರಶ್ನೆ: 1911ರ ‘ಹಂದಿ ರೂಪಾಯಿ’ ಎರರ್ ಕಾಯಿನ್ನೇ?

ಉತ್ತರ: ಅಲ್ಲ. ಆ ರೂಪಾಯಿಯಲ್ಲಿ ಐದನೇ ಜಾರ್ಜ್ ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆ ಜನರ ಕಣ್ಣಿಗೆ ಹಂದಿಯಾಗಿ ಕಂಡು ಗಲಾಟೆಯಾಯಿತು, 1912ರಲ್ಲಿ ಚಿತ್ರ ತಿದ್ದಿದರು. ಅಚ್ಚು ತನ್ನ ಕೆಲಸ ಸರಿಯಾಗೇ ಮಾಡಿತ್ತು.

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಸಿಕ್ಕಿತು. ರಾಣಿಯ ಕಿರೀಟದ ಮೇಲುಗಡೆ ಅಂಚಿನ ಮಣಿಗಳಿಲ್ಲ, ನುಣ್ಣಗಿದೆ. ಅಚ್ಚಿನಲ್ಲಿ ಎಣ್ಣೆ, ಧೂಳು ತುಂಬಿಕೊಂಡರೆ ಹೀಗೆ ಅಕ್ಷರ ಮೂಡಲ್ಲ ಅಂತ ಓದಿದೆ.

ಉತ್ತರ: ಓದಿದ್ದು ಸರಿ, ಆದರೆ ಇದು ಅದಲ್ಲ. ಸರಿಯಾಗಿ ತಲೆಯ ನೇರಕ್ಕೆ, ಅದೂ ಅಂಚಿನಲ್ಲೇ ಯಾಕೆ? ಸರಕ್ಕೆ ಪೋಣಿಸಲು ಅಲ್ಲಿ ಕೊಂಡಿ ಬೆಸೆದಿದ್ದರು. ಮುಂದೆ ಯಾರೋ ಕೊಂಡಿ ಕಿತ್ತು ಅರ ಹಾಕಿದ್ದಾರೆ. ಅಂಚನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ: ಸುತ್ತ ಇರೋ ಸಣ್ಣ ಗೀಟುಗಳು ಅಲ್ಲೊಂದು ಕಡೆ ಮಾತ್ರ ಮಾಯವಾಗಿ, ಬೆಸುಗೆಯ ಬಣ್ಣ ಬೇರೆ ಕಾಣುತ್ತೆ. ಸಂಗ್ರಹಕಾರರು ಕಡಿಮೆಗೇ ಕೇಳ್ತಾರೆ, ಆದರೂ 11.66 ಗ್ರಾಂ ತೂಕದ ನಾಣ್ಯ, ಬೆಳ್ಳಿಯ ಬೆಲೆಗಂತೂ ಮೋಸವಿಲ್ಲ. ಇನ್ನೊಂದು ಮಾತು, ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಫೋಟೋ ನೋಡಿದರೆ ಒಂದು ಕಡೆ ಆಗಲೇ ತಿಕ್ಕಿದ ಹಾಗಿದೆ, ಇನ್ನೊಂದು ಕಡೆಯನ್ನಾದರೂ ಹಾಗೇ ಬಿಡಿ.