ಸ್ಫೋಟ ಆದಾಗ ದೂರದ ಮನೆಯವರಿಗೂ ಗಾಜು ಚುಚ್ಚುವುದು ಯಾಕೆ?

ತುಮಕೂರಿನವ:
ಬೈರೂತ್ ಬಂದರಿನ ಸ್ಫೋಟದ ವಿಡಿಯೊ ಮತ್ತೆ ನೋಡಿದೆ. 2020ರ ಆಗಸ್ಟ್ 4, ಗೋದಾಮಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್. ಕಟ್ಟಡ ನೆಟ್ಟಗೆ ನಿಂತಿದೆ, ಒಳಗಿದ್ದವರ ಮೈಯೆಲ್ಲ ರಕ್ತ. ಅದು ಹೇಗೆ? ನಮ್ಮ ಹೊಸ ಫ್ಲ್ಯಾಟಿನ ಹಾಲ್‌ಗೆ ನೆಲದಿಂದ ಸೂರಿನವರೆಗೆ ಗಾಜು ಬೇಕು ಅಂತ ಮನೆಯವರ ಹಟ, ಅದಕ್ಕೇ ಕೇಳುತ್ತಿದ್ದೇನೆ. ಟಫನ್ಡ್ ಗ್ಲಾಸ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಹಾಕಿಸಿದರೆ ಸಾಕಲ್ವಾ?

ಸೈಟ್ ಇಂಜಿನಿಯರ್:
ಕಿವಿಯ ತಮಟೆ ಹರಿಯಲು ಸುಮಾರು 35 ಕಿಲೋಪಾಸ್ಕಲ್ ಒತ್ತಡ ಬೇಕು. ಮಾಮೂಲಿ ಕಿಟಕಿ ಗಾಜಿಗೆ ಅದರ ಹತ್ತನೇ ಒಂದು ಪಾಲು ಸಾಕು. ಹಾಗಾಗಿ ಗಾಳಿಯ ಹೊಡೆತ ಮೈಗೆ ಏನೂ ಮಾಡದಷ್ಟು ದೂರದಲ್ಲೂ ಗಾಜು ಒಡೆದು ಒಳಕ್ಕೆ ನುಗ್ಗುತ್ತದೆ. ಕಬ್ಬಿಣವಾದರೆ ಬಗ್ಗಿ ಪೆಟ್ಟು ತಿನ್ನುತ್ತದೆ. ಗಾಜು, ಇಟ್ಟಿಗೆ, ಸಿಮೆಂಟ್ ಶೀಟ್ ಬಗ್ಗುವುದಿಲ್ಲ, ಬಿರುಕು ಶುರುವಾದರೆ ಕಥೆ ಮುಗಿಯಿತು. ಕಂಬಗಳ ನಡುವೆ ಸುಮ್ನೆ ಕಟ್ಟಿ ನಿಲ್ಲಿಸಿದ ಬ್ಲಾಕ್ ಗೋಡೆಯೂ ಅಷ್ಟೇ, ಕಂಬಿ ಹಾಕಿ ಕಂಬಕ್ಕೆ ಹಿಡಿಸದಿದ್ದರೆ ಜೋರು ಹೊಡೆತಕ್ಕೆ ಇಡೀ ಗೋಡೆ ಒಳಗಿದ್ದವರ ಮೇಲೆ ಬೀಳಬಹುದು.

ಗಾಜಿನಂಗಡಿ:
ಟಫನ್ಡ್ ಸಾಕಾಗಲ್ಲ ಸಾರ್. ಉದ್ದ ಚೂರಿನ ಬದಲು ಚಿಕ್ಕ ಚಿಕ್ಕ ತುಂಡಾಗಿ ಒಡೆಯುತ್ತದೆ ಅನ್ನುವುದು ನಿಜ, ಆದರೆ ಆ ತುಂಡುಗಳೂ ಹಾರಿ ಬರುತ್ತವೆ. ಲ್ಯಾಮಿನೇಟೆಡ್ ಕೇಳಿ. ಎರಡು ಗಾಜಿನ ಮಧ್ಯೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ ಇರುತ್ತದೆ, ಒಡೆದರೂ ಚೂರುಗಳು ಅದಕ್ಕೇ ಅಂಟಿಕೊಳ್ಳುತ್ತವೆ. ಫ್ರೇಮ್ ಕೂಡ ಗಟ್ಟಿ ಇರಬೇಕು, ಇಲ್ಲದಿದ್ದರೆ ಹಾಳೆ ಪೂರ್ತಿಯಾಗಿಯೇ ಕಿತ್ತು ಬರುತ್ತದೆ. ಗಾಜಿನ ಮೇಲೆ ಬರೀ ಸೇಫ್ಟಿ ಫಿಲ್ಮ್ ಅಂಟಿಸಿಕೊಡುವವರೂ ಫ್ರೇಮಿನ ಈ ಮಾತು ಹೇಳುವುದಿಲ್ಲ.

ಹಳೇಪೇಪರ್:
ಕೆನಡಾದ ಹ್ಯಾಲಿಫ್ಯಾಕ್ಸ್ ಬಗ್ಗೆ ಓದಿ. 1917ರ ಡಿಸೆಂಬರ್ 6ರಂದು ಮದ್ದುಗುಂಡು ತುಂಬಿದ ಹಡಗು ಸುಮಾರು 20 ನಿಮಿಷ ಉರಿಯಿತು, ಜನ ಕಿಟಕಿಗೆ ಮುಖವಿಟ್ಟು ನೋಡುತ್ತಾ ನಿಂತಿದ್ದರು, ಆಮೇಲೆ ಸಿಡಿಯಿತು. ಎಷ್ಟೋ ಜನರ ಕಣ್ಣು ಹೋಯಿತು. ಬೈರೂತ್‌ನಲ್ಲೂ ಮೊದಲು ಬೆಂಕಿ, ಮೊಬೈಲ್ ಹಿಡಿದು ಕಿಟಕಿ ಬಳಿ ಜನ! ಬೆಳಕು ಆ ಕ್ಷಣಕ್ಕೇ ಕಾಣುತ್ತದೆ, ಹೊಡೆತ 3 ಕಿಲೋಮೀಟರ್ ಬರಲು ಎಂಟೊಂಬತ್ತು ಸೆಕೆಂಡ್ ಬೇಕು. ಮೇಜಿನ ಕೆಳಗೆ ನುಗ್ಗಲು ಅಷ್ಟು ಸಾಕು.

ತುಮಕೂರಿನವ:
ಸರಿ, ಲ್ಯಾಮಿನೇಟೆಡ್. ಅಡುಗೆಮನೆಗೂ ಅದೇನಾ? ನನಗೆ ಬಾಂಬಿಗಿಂತ ಸಿಲಿಂಡರ್ ಭಯ ಜಾಸ್ತಿ.

ಸೈಟ್ ಇಂಜಿನಿಯರ್:
ಅಲ್ಲಿ ಲೆಕ್ಕ ಉಲ್ಟಾ. ಗ್ಯಾಸ್ ಒಳಗೆ ಹೊತ್ತಿಕೊಂಡಾಗ ಕಿಟಕಿ ಬೇಗ ಒಡೆದರೆ ಒತ್ತಡ ಹೊರಗೆ ಹೋಗುತ್ತದೆ, ಗೋಡೆ ಉಳಿಯುವ ಸಾಧ್ಯತೆ ಜಾಸ್ತಿ. 1968ರಲ್ಲಿ ಲಂಡನ್ನಿನ ರೋನನ್ ಪಾಯಿಂಟ್‌ನ 18ನೇ ಮಹಡಿಯಲ್ಲಿ ಗ್ಯಾಸ್ ಸಿಡಿದು, ಭಾರ ಹೊರುವ ಕಾಂಕ್ರೀಟ್ ಪ್ಯಾನೆಲ್ಲೇ ಹೊರಕ್ಕೆ ಹೋಗಿ, ಕಟ್ಟಡದ ಒಂದು ಮೂಲೆ ಪೂರ್ತಿ ಕುಸಿಯಿತು. ನಿಮ್ಮದು ಅದರ ಹಾಗೆ ಪ್ರೀಕಾಸ್ಟಾ (ಮೊದಲೇ ಎರಕ ಹೊಯ್ದು ತಂದು ಜೋಡಿಸಿದ ಪ್ಯಾನೆಲ್), ಕಂಬ-ತೊಲೆನಾ? ಅದನ್ನು ಮೊದಲು ಹೇಳಿ.